ಪೊಲೀಸ್ ಕೆಲಸಕ್ಕೆ ಸೇರಿದ ಮಗಳಿಗೆ ಕಾಕಾನ ಪತ್ರ

ಪ್ರೀತಿಯ ಮಗಳೇ,

ಆಶೀರ್ವಾದಗಳು. ನಿನ್ನೆ ರಾತ್ರಿ ನೀನು ಬರೆದದ್ದು ಓದಿ ನಿದ್ದೆ ಬರಲಿಲ್ಲ. ಬೈಕ್ ಕದ್ದ ಅನುಮಾನದ ಮೇಲೆ ನಿಮ್ಮ ಠಾಣೆಗೆ ತಂದ ಹುಡುಗನನ್ನು ಹೊಡೆದ ಪೊಲೀಸರು ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡೇ ಬಂದಿದ್ದರಂತೆ. ಹಾಗಾದರೆ ಧರ್ಮ ಯಾತಕ್ಕೆ ಕಾಕಾ ಅಂತ ಕೇಳಿದ್ದೀಯ.

ಕಲಬುರಗಿ ಜಿಲ್ಲೆಯ ಸನ್ನತಿಗೆ ಚಂದ್ರಲಾಂಬೆಯ ದರ್ಶನಕ್ಕೆ ಹೋಗಿದ್ದೀಯಲ್ಲ, ಅಲ್ಲಿನ ಕಾಳಿ ಗುಡಿಯಲ್ಲಿ ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಒಯ್ದೆವು ಅಂತ ಅವನು ಬೇರೊಂದು ಶಾಸನದಲ್ಲಿ ಹೇಳಿಕೊಂಡು ಮರುಗಿದ್ದಾನೆ. ಎಲ್ಲರೂ ಹೊಗಳುವುದು ಅದನ್ನೇ. ನನಗೆ ಅದು ಸಾಲದು. ಗೆದ್ದ ಕಳಿಂಗವನ್ನು ಅವನು ಬಿಟ್ಟುಕೊಡಲಿಲ್ಲ. ಕಾಡಿನ ಜನರಿಗೆ ಎಚ್ಚರಿಕೆಯೂ ಅದೇ ಶಾಸನದಲ್ಲಿದೆ. ಎಲ್ಲ ಮುಗಿದ ಮೇಲೆ ಅತ್ತರೆ ಸತ್ತವರಿಗೇನು ಬಂತು?

ಸನ್ನತಿಯ ಕಲ್ಲಿನದು ಬೇರೆ ಮಾತು. ಒಡಿಶಾದ ಧೌಲಿಯಲ್ಲೂ ಅದೇ ಆಜ್ಞೆ ಇದೆ, ಪೂರ್ತಿ ಓದಲು ಸಿಗುವುದು ಅಲ್ಲಿ. ಅದು ನಿನ್ನಂಥವರಿಗೇ, ಅಂದರೆ ಜನರನ್ನು ಹಿಡಿದು ಕೂಡಿಹಾಕುವ ಅಧಿಕಾರ ಇದ್ದವರಿಗೆ ಬರೆದದ್ದು. ಎಲ್ಲ ಜನರೂ ನನ್ನ ಮಕ್ಕಳು, ಕಾರಣವಿಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಕಾಡಬೇಡಿ ಅನ್ನುತ್ತಾನೆ. ನ್ಯಾಯ ಯಾತರಿಂದ ತಪ್ಪುತ್ತದೆ ಅಂತಲೂ ಹೇಳುತ್ತಾನೆ. ಹೊಟ್ಟೆಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ಅಭ್ಯಾಸ ಇಲ್ಲದಿರುವುದು, ಸೋಮಾರಿತನ, ದಣಿವು.

ಕ್ರೌರ್ಯದ ಜೊತೆಗೇ ದಣಿವನ್ನೂ ಬರೆಸಿದ್ದಾನೆ ನೋಡು! ಎರಡು ರಾತ್ರಿ ಬಂದೋಬಸ್ತ್ ಡ್ಯೂಟಿ, ಮೇಲಿನವರಿಂದ ಕದ್ದ ಮಾಲಿನ ರಿಕವರಿ ಎಲ್ಲಿ ಅಂತ ಫೋನ್ ಮೇಲೆ ಫೋನ್. ಆಗ ಕೈ ಏಳುತ್ತದೆ. ಹೊಡೆದವರು ರಾಕ್ಷಸರಲ್ಲ ಮಗಳೇ, ಅವರ ಭಕ್ತಿಯೂ ಸುಳ್ಳಲ್ಲದಿರಬಹುದು. ಆದರೆ ಪೂಜೆಯಲ್ಲಿ ಅವರನ್ನು ಯಾರೂ ಲಾಠಿಯ ಬಗ್ಗೆ ಕೇಳಲಿಲ್ಲ. ಕೇಳದ ಧರ್ಮ ನನಗೆ ಬೇಡ. ಅಶೋಕ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ತಿಷ್ಯ, ಅಂದರೆ ಪುಷ್ಯ ನಕ್ಷತ್ರದ ದಿನ ಆ ಆಜ್ಞೆಯನ್ನು ಓದಿ ಕೇಳಿಸಬೇಕು, ಕೇಳುವವರು ಒಬ್ಬರೇ ಇದ್ದರೂ ಓದಬಹುದು ಅಂದ. ಐದು ವರ್ಷಕ್ಕೊಮ್ಮೆ ಅಧಿಕಾರಿಯನ್ನು ತಪಾಸಣೆಗೆ ಕಳಿಸುತ್ತೇನೆ ಅಂದ. ಒಳಗಿನ ಮನಸ್ಸೊಂದನ್ನೇ ಅವನು ನಂಬಲಿಲ್ಲ. ನೀನೂ ನಂಬಬೇಡ, ನಿನ್ನದನ್ನೂ ಕೂಡ.

ಈಗ ಆ ಹುಡುಗನ ವಿಷಯ. ಅವನ ಮನೆಯವರಿಗೆ ತಿಳಿಸಿದ್ದಾರಾ? ಇಲ್ಲದಿದ್ದರೆ ನೀನೇ ಫೋನ್ ಮಾಡು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಅದಕ್ಕೂ ಮೊದಲು ಡಾಕ್ಟರಿಗೆ ತೋರಿಸು, ಗಾಯ ರಿಪೋರ್ಟಿನಲ್ಲಿ ಬರಲಿ. ಮೇಲಿನವರು ಬೇಜಾರಾದರೆ ಆಗಲಿ. ಸಂಜೆ ಏನಾಯಿತು ಅಂತ ನನಗೆ ತಿಳಿಸು.

ನಿನ್ನ ಕಾಕಾ