ಹಳೆಯ ಪಿಕಪ್ ಕೊಳ್ಳುವವರು ಮೊದಲು ಅದರ ಅಡಿಗೆ ನುಸುಳಲಿ

ಮಾನ್ಯ ಸಂಪಾದಕರಿಗೆ,

ಹಳೆಯ ಜೀಪು, ಪಿಕಪ್‌ಗಳನ್ನು ಹುಡುಕಿ ತಂದು ಸಿಂಗರಿಸುವ ಹವ್ಯಾಸದ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಚಿತ್ರಸಹಿತ ಬರಹಗಳು ಬರುತ್ತವೆ. ಅವನ್ನು ನಾನೂ ಆಸೆಯಿಂದಲೇ ಓದುತ್ತೇನೆ. ಆದರೆ ಆ ಚಿತ್ರಗಳಲ್ಲಿ ವಾಹನ ಯಾವಾಗಲೂ ತೊಳೆಸಿಕೊಂಡು ನೆರಳಿನಲ್ಲಿ ನಿಂತಿರುತ್ತದೆ. ಹಿಂದಿನ ಬಾಡಿಯಲ್ಲಿ ಒಂದು ಹಿಡಿ ಗೊಬ್ಬರವೂ ಕಾಣುವುದಿಲ್ಲ. ಹಳೆಯ ಪಿಕಪ್ಪನ್ನು ದಿನನಿತ್ಯದ ದುಡಿಮೆಗೆ ಇಟ್ಟುಕೊಳ್ಳಬೇಕೆನ್ನುವವರು ನಮ್ಮ ಮಲೆನಾಡಿನಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಅವರಿಗೆ ಬೇಕಾದ ಮಾತು ಈ ಬರಹಗಳಲ್ಲಿ ಬರುವುದಿಲ್ಲವಾದ್ದರಿಂದ, ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅಂಥ ವಾಹನಗಳನ್ನೇ ಓಡಿಸಿಕೊಂಡು ಬಂದಿರುವ ಅಡಿಕೆ ಬೆಳೆಗಾರನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಬರೆಯಲು ಕಾರಣವಾದವನು ನನ್ನ ತಮ್ಮನ ಮಗ. ಬೆಂಗಳೂರಿನ ಕೆಲಸ ಬಿಟ್ಟು ತೋಟಕ್ಕೆ ಮರಳಿರುವ ಅವನು ಕಳೆದ ತಿಂಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ದೊಡ್ಡಪ್ಪ, ಇದನ್ನ ತಗೊಳ್ಳೋಣ ಅಂತಿದ್ದೀನಿ, ದಿನಾ ಓಡಿಸೋದಕ್ಕೂ ಆಗುತ್ತೆ" ಎಂದ. ಅದು 1970ರ ದಶಕದ ಆರಂಭದ ಮಹೀಂದ್ರಾ ಎಫ್‌ಸಿ ಪಿಕಪ್: ಎಂಜಿನ್ನಿನ ಮೇಲೆಯೇ ಕ್ಯಾಬಿನ್ ಕೂತಿರುವ, ಮುಂದೆ ಮೂಗೇ ಇಲ್ಲದ, ನೋಡಿದವರು ತಿರುಗಿ ನೋಡುವಂಥ ವಾಹನ. ಹಸಿರು ಬಣ್ಣ ಹೊಳೆಯುತ್ತಿತ್ತು, ಮರದ ಪಟ್ಟಿಗಳ ಬಾಡಿಗೆ ವಾರ್ನಿಶ್ ಹೊಡೆಸಿದ್ದರು. ನನಗೂ ಒಂದು ಗಳಿಗೆ ಮನಸ್ಸು ಜಾರಿತೆಂದು ಒಪ್ಪಿಕೊಳ್ಳುತ್ತೇನೆ. ಆದರೂ ಬೇಡವೆಂದೆ. ಏಕೆಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಕಾನೂನಿನ ತೊಡಕು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ವಾಹನಗಳ ಕುರಿತ ನಿಯಮಗಳು ಸೇರಿದವು. ಅವುಗಳ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡಿರುವ ವಾಹನವನ್ನು ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆಯಡಿ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ 10 ವರ್ಷ. ಮಾರುವವರು ಇದನ್ನೇ ದೊಡ್ಡ ಅನುಕೂಲವೆಂಬಂತೆ ವರ್ಣಿಸುತ್ತಾರೆ. ಆದರೆ ಅದೇ ನಿಯಮದಲ್ಲಿ, ಹೀಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ರಸ್ತೆಗಿಳಿಸುವಂತಿಲ್ಲವೆಂದೂ, ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಮುಂತಾದವಕ್ಕಷ್ಟೇ ಓಡಿಸಬಹುದೆಂದೂ ಇದೆ. ಆ ಸಂಖ್ಯೆಯ ಫಲಕ ಹಾಕಿಸಿಕೊಂಡು ಎಪಿಎಂಸಿಗೆ ಅಡಿಕೆ ಮೂಟೆ ಸಾಗಿಸಲು ಬರುವುದಿಲ್ಲ. ಚಂದದ ಎಫ್‌ಸಿ ಬೇಕೆನ್ನುವವರು ಚಂದಕ್ಕೇ ಇಟ್ಟುಕೊಳ್ಳಲಿ, ತಪ್ಪೇನಿಲ್ಲ. ದುಡಿಮೆಯ ಲೆಕ್ಕದಲ್ಲಿ ಅದನ್ನು ಸೇರಿಸಬಾರದು.

ಎರಡನೆಯದು ಎಂಜಿನ್. ಆ ಕಾಲದ ಜೀಪು ಜಾತಿಯ ವಾಹನಗಳಲ್ಲಿ ಹೆಚ್ಚಿನವು ಪೆಟ್ರೋಲಿನವು. ಹರಿಕೇನ್ ಎಂದು ಹೆಸರಾದ 2.2 ಲೀಟರ್ ಎಂಜಿನ್ನಿನ ಸದ್ದು ಕೇಳುವುದಕ್ಕೆ ಹಿತ, ಕುಡಿಯುವುದರಲ್ಲಿ ಮಾತ್ರ ಧಾರಾಳಿ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಅರ್ಧ ಶತಮಾನದ ಹಿಂದಿನ ರಬ್ಬರ್ ಪೈಪುಗಳಿಗೂ ಫ್ಯೂಯೆಲ್ ಪಂಪಿನ ಡಯಾಫ್ರಾಮಿಗೂ ಅದು ಒಗ್ಗುವುದಿಲ್ಲ. ಅವು ಉಬ್ಬಿ, ಮೆತ್ತಗಾಗಿ, ಒಂದು ದಿನ ಸೋರುತ್ತವೆ. ಆ ಕಾಲದ ಹಲವು ಗೇರ್‌ಬಾಕ್ಸುಗಳಲ್ಲಿ ಮೊದಲ ಗೇರಿಗೆ ಸಿಂಕ್ರೊಮೆಶ್ (ಓಡುತ್ತಿರುವಾಗಲೂ ಗೇರ್ ಸಲೀಸಾಗಿ ಬೀಳಿಸುವ ಏರ್ಪಾಡು) ಇಲ್ಲ. ಅಂದರೆ ಲೋಡ್ ಹೊತ್ತು ಆಗುಂಬೆ ಘಾಟಿ ಏರುವಾಗ ಹೇರ್‌ಪಿನ್ ತಿರುವಿನಲ್ಲಿ ಎರಡನೆಯ ಗೇರ್ ಸಾಲದೆ ಹೋದರೆ, ಡಬಲ್ ಕ್ಲಚ್ ಮಾಡಲು, ಅಂದರೆ ಗೇರಿಗೊಮ್ಮೆ ಕ್ಲಚ್ಚನ್ನು ಎರಡು ಸಲ ಒತ್ತಲು, ಬಾರದ ಇಂದಿನ ಹುಡುಗ ವಾಹನವನ್ನು ತಿರುವಿನ ನಡುವೆಯೇ ನಿಲ್ಲಿಸಿಕೊಳ್ಳಬೇಕಾಗುತ್ತದೆ.

ಹಾಗಾದರೆ ಯಾವುದು ಕೊಳ್ಳಬೇಕು? ನನ್ನ ಉತ್ತರ ಬಹಳ ಸಪ್ಪೆ. ಯಾವ ಪಿಕಪ್ಪಿನ ಅಣ್ಣತಮ್ಮಂದಿರು ಇವತ್ತಿಗೂ ನಮ್ಮ ಪೇಟೆಯ ರಸ್ತೆಯಲ್ಲಿ ಓಡುತ್ತಿದ್ದಾರೋ ಅದನ್ನು ಕೊಳ್ಳಬೇಕು. ಅಪರೂಪದ್ದೆಂಬುದು ಹವ್ಯಾಸಿಗೆ ಹೆಮ್ಮೆ. ಕೊಯ್ಲಿನ ದಿನ ಕ್ಲಚ್ ಪ್ಲೇಟ್ ಸುಟ್ಟುಕೊಂಡವನಿಗೆ ಅದೇ ಶಾಪ. ಈ ಲೆಕ್ಕದಲ್ಲಿ ನಮ್ಮ ಕಡೆ ಎರಡು ಮನೆತನಗಳು ಉಳಿಯುತ್ತವೆ. ಒಂದು ಟಾಟಾದ್ದು. 1988ರಲ್ಲಿ ಬಂದ ಟಾಟಾ ಮೊಬೈಲ್‌ನ ನೆಲೆಗಟ್ಟಿನ ಮೇಲೆಯೇ ಮುಂದೆ ಸಿಯೆರಾ, ಎಸ್ಟೇಟ್, ಸುಮೊ ಬಂದವು. 207 ಹೆಸರಿನ ಪಿಕಪ್‌ಗಳು ಅದೇ ವಂಶದವು. ಸುಮೊ ಬಿಚ್ಚಿದ ಕೈಗೆ 207 ಹೊಸದೆನಿಸುವುದಿಲ್ಲ. ಇನ್ನೊಂದು ಮಹೀಂದ್ರಾದ ಡಿಐ (ಡೀಸೆಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ) ಎಂಜಿನ್ನಿನ ಪಿಕಪ್. ಅದರ 2523 ಸಿಸಿ ಎಂಜಿನ್ನಿನ ಬೇರು ಅದೇ ಕಂಪನಿಯ ಟ್ರ್ಯಾಕ್ಟರಿನಲ್ಲಿದೆ. ಬೊಲೆರೊ, ಕ್ಯಾಂಪರ್‌ಗಳಲ್ಲೂ ಅದೇ ವಂಶದ ಎಂಜಿನ್ ಓಡಿದ್ದರಿಂದ ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗುವ ಪ್ರಮೇಯ ಅಪರೂಪ. ಅದಕ್ಕಿಂತ ಹಿಂದಿನ ಪೂಜೊ ಡೀಸೆಲ್ ಎಂಜಿನ್ ನಯವಾಗಿ ಓಡುವುದು ನಿಜ, ಆದರೆ ಜನವರಿಯ ಚಳಿಯಲ್ಲಿ ಹೀಟರ್ ಪ್ಲಗ್ ಬಿಸಿಯಾಗುವವರೆಗೆ ಕಾಯಬೇಕು. ಡಿಐ ಎಂಜಿನ್ನಿಗೆ ಆ ಉಪಚಾರ ಬೇಡ. ಇವೆರಡು ಮನೆತನಗಳಲ್ಲಿ ನನ್ನ ಒಲವು ಮಹೀಂದ್ರಾದ ಕಡೆಗಿದೆ. ಟಾಟಾ ಪ್ರಿಯರು ಒಪ್ಪಲಾರರು, ಬಿಡಿ. ಯಾವುದಾದರೂ ಸರಿ, ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್ ಆಗಿರುವ ಮಾದರಿಯನ್ನೇ ಆರಿಸಿಕೊಳ್ಳುವುದು ಮೇಲು.

ಈಗ ನನ್ನ ಸ್ವಂತ ಮೂರ್ಖತನದ ಕಥೆ. ಮೊದಲ ಬಾರಿ ನಾನು ಪಿಕಪ್ ಕೊಂಡದ್ದು ಬಣ್ಣ ನೋಡಿ. ಮಧ್ಯವರ್ತಿ ತೋರಿಸಿದ ವಾಹನ ನಿಗನಿಗ ಹೊಳೆಯುತ್ತಿತ್ತು, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಅಡಿಭಾಗಕ್ಕೆ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದುದನ್ನು ಕಾಳಜಿಯ ಗುರುತೆಂದೇ ಭಾವಿಸಿದೆ. ಎರಡು ಮಳೆಗಾಲ ಕಳೆಯಿತು. ಮೂರನೆಯ ವರ್ಷ ಗೊಬ್ಬರ ತರುವಾಗ ಹಿಂದಿನಿಂದ ‘ಠಪ್’ ಎಂದು ಸದ್ದು ಬಂದು ವಾಹನ ಒಂದು ಮಗ್ಗುಲಿಗೆ ಕೂತಿತು. ಇಳಿದು ನೋಡಿದರೆ ಹಿಂದಿನ ಲೀಫ್ ಸ್ಪ್ರಿಂಗ್ ತೂಗುವ ಶ್ಯಾಕಲ್ ಬ್ರಾಕೆಟ್, ತಾನು ಬೆಸೆದುಕೊಂಡಿದ್ದ ಚಾಸಿಯ (ವಾಹನವನ್ನು ಹೊರುವ ಕಬ್ಬಿಣದ ಚೌಕಟ್ಟಿನ) ತುಂಡನ್ನೇ ಕಿತ್ತುಕೊಂಡು ಹೊರಬಂದಿತ್ತು. ಆ ಕಪ್ಪು ಬಣ್ಣದ ಅಡಿಯಲ್ಲಿ ಕಬ್ಬಿಣ ಹಪ್ಪಳದಂತಾಗಿತ್ತು. ಬೆರಳಿನಿಂದ ಒತ್ತಿದರೆ ಪದರ ಪದರವಾಗಿ ಕೈಗೆ ಬರುತ್ತಿತ್ತು. ವೆಲ್ಡರ್ ನೋಡಿ, "ವೆಲ್ಡಿಂಗ್ ಹಿಡಿಯೋದಕ್ಕೆ ಇಲ್ಲಿ ಕಬ್ಬಿಣ ಎಲ್ಲಿದೆ ಸ್ವಾಮಿ?" ಎಂದು ನನ್ನನ್ನೇ ಕೇಳಿದ. ಆ ವಾಹನ ವಿಚಾರಿಸಿದಾಗ ಕರಾವಳಿಯಲ್ಲಿ ವರ್ಷಗಟ್ಟಲೆ ಮೀನು ಹೊತ್ತದ್ದೆಂದು ತಿಳಿಯಿತು. ಐಸ್ ಕರಗಿದ ಉಪ್ಪುನೀರು ಬಾಡಿಯಿಂದ ಸೋರಿ ಚಾಸಿಯ ಒಳಗೇ ಇಂಗಿತ್ತು.

ತೋಟದ ವಾಹನಗಳೂ ಈ ವಿಷಯದಲ್ಲಿ ಸಾಚಾ ಅಲ್ಲ. ನಾವು ಬಾಡಿಯಲ್ಲಿ ಹೊರುವ ಪೊಟ್ಯಾಶ್ ಒಂದು ಬಗೆಯ ಉಪ್ಪೇ. ಚೀಲ ಒಡೆದು ಚೆಲ್ಲಿದ್ದು ಮಳೆನೀರಿಗೆ ಕರಗಿ ಸಂದುಗಳಿಗೆ ಇಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಮೈಲುತುತ್ತ (ಕಾಪರ್ ಸಲ್ಫೇಟ್). ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೊ ದ್ರಾವಣ ಹೊಡೆಯುವ ದಿನಗಳಲ್ಲಿ ಸುಣ್ಣ ಸೇರಿಸುವ ಮೊದಲು ಮೈಲುತುತ್ತದ ನೀರು ತುಳುಕಿ ಕಬ್ಬಿಣಕ್ಕೆ ತಾಗಿದರೆ, ಅಲ್ಲಿ ತಾಮ್ರದ ತೆಳು ಕೆಂಪು ಕೂತು ಕಬ್ಬಿಣ ತಿಂದುಹೋಗುತ್ತದೆ. ಡ್ರಮ್ ಇಟ್ಟ ಜಾಗದಲ್ಲಿ ಬಳೆಯಾಕಾರದ ಕಲೆ ಕಂಡರೆ ಅದರ ಅಡಿಯ ಕ್ರಾಸ್ ಮೆಂಬರನ್ನು (ಚಾಸಿಯ ಅಡ್ಡಪಟ್ಟಿಯನ್ನು) ನೋಡದೆ ಮುಂಗಡ ಕೊಡಬೇಡಿ.

ನೋಡುವ ಕ್ರಮ ಸುಲಭ. ಹಳೆಯ ಲುಂಗಿ ಉಟ್ಟು, ಒಂದು ಟಾರ್ಚ್, ಒಂದು ಸಣ್ಣ ಸುತ್ತಿಗೆ ಹಿಡಿದು ವಾಹನದ ಅಡಿಗೆ ನುಸುಳಬೇಕು. ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಹೋಗಬೇಕು. ಗಟ್ಟಿ ಕಬ್ಬಿಣ ಗಂಟೆಯಂತೆ ಉತ್ತರಿಸುತ್ತದೆ, ಲಡ್ಡಾದದ್ದು ಒಡಕು ಮಡಕೆಯಂತೆ. ಸ್ಪ್ರಿಂಗ್ ಬ್ರಾಕೆಟ್‌ಗಳ ಸುತ್ತ, ಸ್ಟೀರಿಂಗ್ ಬಾಕ್ಸ್ ಕೂತಿರುವಲ್ಲಿ, ಕ್ಯಾಬಿನ್ನಿನ ಹಿಂದೆ ಬಾಡಿ ಶುರುವಾಗುವಲ್ಲಿ ಎರಡು ಪೆಟ್ಟು ಹೆಚ್ಚಿಗೆ ಹಾಕಿದರೂ ಸರಿ. ಬೇಡವೆನ್ನುವ ಮಾರಾಟಗಾರನಿದ್ದರೆ ಅಲ್ಲಿಂದಲೇ ಎದ್ದು ಬರುವುದು ಒಳಿತು. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಬೇಕು. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆಂದೇ ಅನುಮಾನಿಸಬೇಕು. ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದರೆ ಅಲ್ಲಿಂದ ಹೊಗೆ ಭುಸುಗುಟ್ಟಬಾರದು. ಎಂಜಿನ್ ಕೆಟ್ಟಿದ್ದರೂ ಬೋರ್ ಮಾಡಿಸಿ ಸರಿಪಡಿಸಬಹುದು, ಗೇರ್‌ಬಾಕ್ಸ್ ಇನ್ನೊಂದು ತರಬಹುದು, ಬಣ್ಣವಂತೂ ಯಾವಾಗ ಬೇಕಾದರೂ ಹೊಡೆಸಬಹುದು. ಚಾಸಿ ಹೋಗಿದ್ದರೆ ನೀವು ಕೊಂಡದ್ದು ಗುಜರಿ ಎಂದೇ ಅರ್ಥ.

ಕಾಗದಪತ್ರಗಳ ವಿಷಯಕ್ಕೆ ಬಂದರೆ, ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲಿನ ಸಂಖ್ಯೆಗಳ ಜೊತೆ ಹೋಲಿಸದೆ ಹಣ ಕೊಡುವವರು ಈಗಲೂ ಇರುವುದು ನನಗೆ ಆಶ್ಚರ್ಯ. ಹಳೆಯ ಜೀಪು ಪಿಕಪ್‌ಗಳಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದವು ಬೇಕಾದಷ್ಟಿವೆ. ಆ ಬದಲಾವಣೆ ಆರ್‌ಸಿಗೆ ಏರಿರದಿದ್ದರೆ ಅಪಘಾತವಾದ ದಿನ ವಿಮೆಯವರು ಮೊದಲು ಹಿಡಿಯುವ ಎಳೆಯೇ ಅದು. ನಂಬರ್ ಫಲಕ ಬಿಳಿಯೋ (ಖಾಸಗಿ) ಹಳದಿಯೋ (ವಾಣಿಜ್ಯ) ಎಂಬುದನ್ನೂ ಮೊದಲೇ ತಿಳಿಯಬೇಕು. ಖಾಸಗಿ ವಾಹನಕ್ಕೆ 15 ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣವಾದರೆ, ಸರಕು ವಾಹನ 8 ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಪಡೆಯಬೇಕು. 15 ವರ್ಷ ದಾಟಿದ ಖಾಸಗಿ ಲಘು ವಾಹನದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. ಹಳೆಯ ಸರಕು ವಾಹನಗಳ ಫಿಟ್‌ನೆಸ್ ಶುಲ್ಕವೂ ಆಗಲೇ ಹಲವು ಪಟ್ಟಾಯಿತು. ವಾಹನದ ಬೆಲೆಯನ್ನಷ್ಟೇ ನೋಡಿ ಅಗ್ಗವೆನ್ನುವವರು ಇದನ್ನೂ ಕೂಡಿಸಿ ನೋಡಲಿ. ಹೊಗೆಯ ಮಿತಿ ಗೊತ್ತುಮಾಡುವ ಬಿಎಸ್ ಮಾನದಂಡಗಳಲ್ಲಿ 4ಕ್ಕಿಂತ ಹಿಂದಿನ ವಾಹನಗಳಿಗೆ ಹೊಗೆ ತಪಾಸಣೆ ಆರು ತಿಂಗಳಿಗೊಮ್ಮೆ.

ದೆಹಲಿ ಸುತ್ತಲಿನ ಪ್ರದೇಶದಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ನಿರ್ಬಂಧ ಬಂದಂದಿನಿಂದ ಅಲ್ಲಿನ ವಾಹನಗಳು ಕಡಿಮೆ ಬೆಲೆಗೆ ಇತ್ತ ಬರುತ್ತಿವೆ. ಎನ್‌ಒಸಿ (ಅಲ್ಲಿನ ನಿರಾಕ್ಷೇಪಣಾ ಪತ್ರ), ಇಲ್ಲಿನ ಮರುನೋಂದಣಿ, ಇಲ್ಲಿನ ತೆರಿಗೆ ಎಲ್ಲ ಸೇರಿದಾಗ ಆ ಅಗ್ಗ ಎಷ್ಟು ಉಳಿಯಿತೆಂದು ಕೊಂಡವರನ್ನೇ ಕೇಳಬೇಕು. ಹಿಂದೆ ನಮ್ಮಲ್ಲಿ ಒಳ್ಳೆಯ ಪಿಕಪ್‌ಗಳು ಸಿಗುತ್ತಿದ್ದುದು ಸರ್ಕಾರಿ ಇಲಾಖೆಗಳ ಹರಾಜಿನಲ್ಲಿ. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸುವಂತಿಲ್ಲವಾಗಿ ಅವು ನೇರ ಗುಜರಿ ಕೇಂದ್ರಕ್ಕೆ ಹೋಗುತ್ತವೆ. ಚಾಲಕರು ಲಾಗ್‌ಬುಕ್ ಬರೆದು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದ ವಾಹನಗಳು ಹೀಗೆ ಪುಡಿಯಾಗುವುದನ್ನು ನೋಡಿದರೆ ಹೊಟ್ಟೆ ಚುರುಕ್ಕೆನ್ನುತ್ತದೆ.

ಇಷ್ಟೆಲ್ಲ ತಾಪತ್ರಯದ ಬದಲು ಹೊಸದನ್ನೇ ಕೊಳ್ಳಬಾರದೇ ಎಂದು ಓದುಗರು ಕೇಳಬಹುದು. ದಿನಕ್ಕೆ ನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿಸುವವರು ಖಂಡಿತ ಹೊಸದನ್ನೇ ಕೊಳ್ಳಲಿ. ಬ್ರೇಕ್, ಸುರಕ್ಷತೆ, ಹೊಗೆ ಮೂರರಲ್ಲೂ ಹೊಸದು ಮುಂದಿದೆ. ನನ್ನ ಓಡಾಟ ಮನೆಯಿಂದ ತೋಟಕ್ಕೆ ಮೂರು ಕಿಲೋಮೀಟರ್, ವಾರಕ್ಕೆರಡು ಸಲ ಪೇಟೆಗೆ. ಬಿಎಸ್ 6 ಡೀಸೆಲ್ ವಾಹನಗಳ ಹೊಗೆ ಸೋಸುವ ಡಿಪಿಎಫ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳಬೇಕಾದರೆ ಎಂಜಿನ್ ಚೆನ್ನಾಗಿ ಕಾದು ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಮೊದಲ ಗೇರಿನಲ್ಲಿ ಕೆಸರು ತುಳಿಯುವ ವಾಹನಕ್ಕೆ ಆ ಯೋಗವೇ ಬರುವುದಿಲ್ಲ. ಇನ್ನು ದೊಡ್ಡ ಕ್ಯಾಬಿನ್ನಿನ ಐಷಾರಾಮಿ ಪಿಕಪ್‌ಗಳ ಬೆಲೆ ನಮ್ಮ ತೋಟದ ಆದಾಯಕ್ಕೆ ಹೊಂದುವಂಥದ್ದಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಹಳೆಯ ಪಿಕಪ್ಪಿನ ಬಾಡಿಯಲ್ಲಿ ಅಡಿಕೆ ಕೊನೆ ಕೊಯ್ಯುವವರನ್ನೂ ಹೆಣ್ಣಾಳುಗಳನ್ನೂ ನಿಲ್ಲಿಸಿಕೊಂಡು ಹೋಗುವ ಪದ್ಧತಿ ನಮ್ಮಲ್ಲಿ ಹೋಗಿಲ್ಲ. ಸರಕು ವಾಹನದ ವಿಮೆ ಹಾಗೆ ನಿಂತವರನ್ನು ಕಾಯುವುದಿಲ್ಲ, ಹಳೆಯ ಡ್ರಮ್ ಬ್ರೇಕೂ ಕಾಯುವುದಿಲ್ಲ. ಬ್ರೇಕ್ ಪೆಡಲಿಗೆ ಬಲ ಕೂಡಿಸುವ ಬೂಸ್ಟರಿನಿಂದ ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪು ಈ ವಾಹನಗಳಲ್ಲಿ ಸಾಮಾನ್ಯವಾಗಿ ಆಲ್ಟರ್‌ನೇಟರಿನ ಬೆನ್ನಿಗಿರುತ್ತದೆ. ಬೆಲ್ಟ್ ಹರಿದರೆ ಬ್ಯಾಟರಿ ಚಾರ್ಜ್ ಆಗುವುದು ನಿಲ್ಲುವುದಷ್ಟೇ ಅಲ್ಲ, ಸ್ವಲ್ಪ ಹೊತ್ತಿನಲ್ಲೇ ಬ್ರೇಕ್ ಪೆಡಲ್ ಕಲ್ಲಿನಂತಾಗುತ್ತದೆ. ಘಾಟಿ ಇಳಿಯುವ ಮುನ್ನ ಆ ಬೆಲ್ಟನ್ನೊಮ್ಮೆ ಬೆರಳಲ್ಲಿ ಒತ್ತಿ ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ.

ನಾನು ಎರಡನೆಯದಾಗಿ ಕೊಂಡ ಮಹೀಂದ್ರಾ ಪಿಕಪ್ಪಿನ ಬಲ ಮಗ್ಗುಲು ನೆಗ್ಗಿತ್ತು, ಬಣ್ಣ ಮಾಸಿತ್ತು, ಬಾಗಿಲನ್ನು ಒಳಗಿನಿಂದ ಕೈ ಹಾಕಿ ತೆಗೆಯಬೇಕಿತ್ತು. ಅದೇ ಹದಿನಾಲ್ಕು ವರ್ಷದಿಂದ 50 ಕಿಲೋದ ಚೀಲಗಳನ್ನು ಇಪ್ಪತ್ತಿಪ್ಪತ್ತರಂತೆ ಹೊರುತ್ತಿದೆ. ಬಾಗಿಲು ಈಗಲೂ ಹಾಗೆಯೇ ಇದೆ.

ತಮ್ಮನ ಮಗ ಎರಡು ದಿನ ಮುನಿಸಿಕೊಂಡಿದ್ದು, ಆಮೇಲೆ ತಾನೇ ಹುಡುಕಿ ಶಿವಮೊಗ್ಗ ಬಳಿ ಹಾಲಿನ ಕ್ಯಾನ್ ಹೊರುತ್ತಿದ್ದ ಒಂದು ಡಿಐ ಪಿಕಪ್ ಪತ್ತೆ ಮಾಡಿದ್ದಾನೆ. ಎಂಜಿನ್ ತಣ್ಣಗಿರುವಾಗಲೇ ನೋಡಬೇಕೆಂದು ಬರುವ ಸೋಮವಾರ ಬೆಳಿಗ್ಗೆ ಆರಕ್ಕೆ ಬರುತ್ತೇವೆಂದು ಹೇಳಿದ್ದೇವೆ, ಮಾರುವವರು ಒಪ್ಪಿದ್ದಾರೆ. ಸುತ್ತಿಗೆ ನನ್ನದು, ಅಡಿಗೆ ನುಸುಳುವವನು ಅವನು.

– ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು