ಮಗಳಿಗೊಂದು ಪತ್ರ: ರಿಸೊತ್ತೊ ಅಕ್ಕಿ ತೊಳೆಯಬೇಡ

ಮಿಲಾನ್

ಪ್ರೀತಿಯ ಪುಟ್ಟಿ,

ನೀನು ಮಾಡಿದ ರಿಸೊತ್ತೊದ ಫೋಟೋ ನೋಡಿದೆ, ಅದೇ ಇಟಲಿಯವರು ಸಾರಲ್ಲಿ ಬೇಯಿಸುವ ಮೆತ್ತನೆಯ ಅನ್ನ. ಕೇಸರಿಯ ಬಣ್ಣ ಚೆನ್ನಾಗಿ ಬಂದಿದೆ, ಆದರೆ ಅಗುಳೆಲ್ಲ ಉದುರುದುರಾಗಿದೆ. ಸೋನಾ ಮಸೂರಿ ಹಾಕಿದ್ದೀಯ, ಅದನ್ನೂ ಮೂರು ನೀರಲ್ಲಿ ತೊಳೆದಿದ್ದೀಯ, ಅಲ್ಲವಾ? ಚಿತ್ರಾನ್ನಕ್ಕೆ ಅದು ಸರಿ. ರಿಸೊತ್ತೊಗೆ ಅಕ್ಕಿ ತನ್ನ ಪಿಷ್ಟ ಬಿಟ್ಟು ಸಾರನ್ನು ಮಂದ ಮಾಡಬೇಕು, ಕಾಳಿನ ನಡು ಮಾತ್ರ ಗಟ್ಟಿ ಉಳಿಯಬೇಕು. ಇಲ್ಲಿನ ಪೊ ನದಿ ಬಯಲಲ್ಲಿ ಬೆಳೆಯುವ ಕಾರ್ನರೋಲಿ, ಅರ್ಬೋರಿಯೊ, ವಿಯಲೋನೆ ನಾನೊ ಅಕ್ಕಿಗಳಿಗೆ ಆ ಗುಣವಿದೆ. ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಅರ್ಬೋರಿಯೊ ಕೇಳು. ಕಾರ್ನರೋಲಿ ಸಿಕ್ಕರೆ ಇನ್ನೂ ಒಳ್ಳೆಯದು, ಒಂದು ನಿಮಿಷ ಜಾಸ್ತಿ ಬೆಂದರೂ ಮುದ್ದೆಯಾಗುವುದಿಲ್ಲ. ಇಡ್ಲಿ ಅಕ್ಕಿ ನೋಡಲು ಹಾಗೇ ಇದ್ದರೂ ಬೇಡ. ಅದು ಒಮ್ಮೆ ಬೆಂದು ಒಣಗಿದ ಕುಸುಬಲಕ್ಕಿ, ಪಿಷ್ಟ ಬಿಡದು.

ಇಬ್ಬರಿಗೆ 160 ಗ್ರಾಂ ಅಕ್ಕಿ, ಸುಮಾರು ಒಂದು ಲೀಟರ್ ತರಕಾರಿ ಬೇಯಿಸಿ ಸೋಸಿದ ತಿಳಿಸಾರು. ಸಾರು ಪಕ್ಕದ ಒಲೆಯ ಮೇಲೆ ಕುದಿಯುತ್ತಲೇ ಇರಲಿ. ತಣ್ಣನೆಯದು ಸುರಿದರೆ ಬೇಯುವುದು ನಿಂತು ನಿಂತು, ಹೊರಗೆ ಮೆತ್ತಗೆ, ಒಳಗೆ ಹಸಿ ಆಗುತ್ತದೆ. ಒಳ್ಳೆ ಒಂದು ಚಿಟಿಕೆ ಕೇಸರಿಯನ್ನು ಎರಡು ಚಮಚ ಬಿಸಿ ಸಾರಲ್ಲಿ ನೆನೆಹಾಕು.

ದಪ್ಪ ತಳದ ಅಗಲ ಪಾತ್ರೆಯಲ್ಲಿ 20 ಗ್ರಾಂ ಬೆಣ್ಣೆ, ಸಣ್ಣಗೆ ಹೆಚ್ಚಿದ ಅರ್ಧ ಈರುಳ್ಳಿ. ನಮ್ಮ ಕೈಗೆ ಕೆಂಪಗೆ ಹುರಿಯುವ ಅಭ್ಯಾಸ, ಇಲ್ಲಿ ಬಾಡಿದರೆ ಸಾಕು. ಅಕ್ಕಿ ಹಾಕಿ ಎರಡು ನಿಮಿಷ ಹುರಿ. ಅಂಚು ಗಾಜಿನಂತಾಗಿ ನಡುವೆ ಬಿಳಿ ಚುಕ್ಕೆ ಕಾಣಬೇಕು, ಮುಟ್ಟಿದರೆ ಕೈ ಸುಡಬೇಕು. ಹೀಗೆ ಹುರಿದ ಕಾಳು ಬೇಗ ಒಡೆಯುವುದಿಲ್ಲ. ಆಮೇಲೆ 50 ಮಿ.ಲೀ. ಸಿಹಿಯಿಲ್ಲದ ಬಿಳಿ ವೈನ್, ವಾಸನೆ ಆರುವ ತನಕ. ಬೇಡವೆಂದರೆ ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ.

ಈಗ ಒಂದೊಂದೇ ಸೌಟು ಸಾರು. ಹಿಂದಿನದು ಇಂಗುತ್ತಾ ಬಂದಾಗ ಮುಂದಿನದು, ನಡುನಡುವೆ ಕೈಯಾಡಿಸು. ಇಲ್ಲಿ 16ರಿಂದ 18 ನಿಮಿಷ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ನೀರು 97 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ತುಸು ಹೆಚ್ಚು ಹೊತ್ತು ಹಿಡಿದೀತು. ಗಡಿಯಾರ ನಂಬಬೇಡ, ಕಾಳು ಕಚ್ಚಿ ನೋಡು. ಮುಕ್ಕಾಲು ಬೆಂದಾಗ ಕೇಸರಿ ಹಾಕು.

ಕೊನೆಯ ಎರಡು ನಿಮಿಷವೇ ರಿಸೊತ್ತೊದ ಜೀವ. ಆಗ ಬೆಣ್ಣೆ, ಚೀಸ್ ಸೇರಿಸಿ ತಿರುವುವುದನ್ನು ಇಲ್ಲಿಯವರು ಮಾಂತೆಕಾತೂರ ಅನ್ನುತ್ತಾರೆ. ಬಿಸಿಬೇಳೆಬಾತ್‌ಗಿಂತ ಸಡಿಲ ಇರುವಾಗಲೇ ಒಲೆ ಆರಿಸು. ಒಂದು ನಿಮಿಷ ಬಿಡು. ಫ್ರಿಜ್ಜಿನಿಂದ ಆಗಷ್ಟೇ ತೆಗೆದ 30 ಗ್ರಾಂ ಉಪ್ಪಿಲ್ಲದ ಬೆಣ್ಣೆ ಚೂರು, 40 ಗ್ರಾಂ ತುರಿದ ಗ್ರಾನಾ ಪದಾನೊ ಎಂಬ ಗಟ್ಟಿ ಚೀಸ್ ಹಾಕಿ ಜೋರಾಗಿ ತಿರುವು. ಉರಿಯ ಮೇಲೆ ಮಾಡಿದರೆ ಬೆಣ್ಣೆ ಎಣ್ಣೆಯಾಗಿ ಬೇರೆಯಾಗುತ್ತದೆ, ಚೀಸ್ ನೂಲೆಳೆಯುತ್ತದೆ. ಕ್ರೀಮ್ ಬೇಡವೇ ಬೇಡ. ಉಪ್ಪನ್ನು ಚೀಸ್ ಬಿದ್ದ ಮೇಲೆ ರುಚಿ ನೋಡಿ ಹಾಕು.

ಅಜ್ಜಿಗೆ ಬಡಿಸುವುದಾದರೆ ಒಂದು ಮಾತು: ಪಾರ್ಮಿಜಾನೊ, ಗ್ರಾನಾ ಪದಾನೊ ಎರಡೂ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಅವರಿಗೆ ಸಸ್ಯಾಹಾರಿ ರೆನೆಟ್ಟಿನ ಗಟ್ಟಿ ಚೀಸೇ ತಾ.

ತಟ್ಟೆಗೆ ಹಾಕಿ ಅಡಿಯಿಂದ ತಟ್ಟಿದರೆ ಅಲೆಯಂತೆ ಹರಡಬೇಕು. ಗುಡ್ಡೆಯಾಗಿ ನಿಂತರೆ ಅರ್ಧ ಸೌಟು ಬಿಸಿ ಸಾರು ಸೇರಿಸು. ಉಳಿದರೆ ಬಿಸಿ ಮಾಡಬೇಡ, ಮರುದಿನ ತವೆಯ ಮೇಲೆ ಬೆಣ್ಣೆ ಹಾಕಿ ರೊಟ್ಟಿಯಂತೆ ತಟ್ಟಿ ಎರಡೂ ಕಡೆ ಗರಿಗರಿಯಾಗಿ ಹುರಿ. ಅದಕ್ಕೆ ಇಲ್ಲಿ ರೀಸೊ ಅಲ್ ಸಾಲ್ತೊ ಅಂತ ಹೆಸರು. ನಿನಗೆ ಅದೇ ಹೆಚ್ಚು ಇಷ್ಟವಾದೀತು.

ನಿನ್ನ,
ಅಮ್ಮ