ಚಿರತೆ ಮರಿಯನ್ನು ಹೊಲದಲ್ಲೇ ಬಿಡಿ, ಸಫಾರಿಗೆ ಕಳಿಸಬೇಡಿ

ಮಾನ್ಯ ಸಂಪಾದಕರೇ,

ಬನ್ನೇರುಘಟ್ಟ ಜೈವಿಕ ಉದ್ಯಾನದ ಸುದ್ದಿ ಪೇಪರಿನಲ್ಲಿ ಬಂದ ದಿನ ನಮ್ಮೂರ ಹಾಲಿನ ಡೈರಿಯಲ್ಲಿ ಬೇರೆ ಮಾತೇ ಇರುವುದಿಲ್ಲ. 2025ರ ಜುಲೈನಲ್ಲಿ ಸುರೇಶ್, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಆನೆಗಳು ವಿಮಾನದಲ್ಲಿ ಜಪಾನಿನ ಹಿಮೇಜಿ ಸೆಂಟ್ರಲ್ ಪಾರ್ಕಿಗೆ ಹೋದವು. ಬದಲಿಗೆ ಚೀತಾ, ಜಾಗ್ವಾರ್, ಪ್ಯೂಮಾ, ಚಿಂಪಾಂಜಿ, ಕ್ಯಾಪುಚಿನ್ ಕೋತಿ ಇಲ್ಲಿಗೆ ಬರಬೇಕು ಅಂತ ಒಪ್ಪಂದ. ನವೆಂಬರಿನಲ್ಲಿ ಎಂಟು ಕ್ಯಾಪುಚಿನ್ ಕೋತಿಗಳು ದಕ್ಷಿಣ ಆಫ್ರಿಕಾದಿಂದ ಬಂದಿಳಿದವು. ಹಾಲು ಹಾಕಲು ಬರುವ ಹುಡುಗರಿಗೆ ಆನೆಯನ್ನು ವಿಮಾನ ಹತ್ತಿಸಿದ್ದು ಹೇಗೆ ಅನ್ನುವುದೇ ದೊಡ್ಡ ಪ್ರಶ್ನೆ. ದೊಡ್ಡ ಪೆಟ್ಟಿಗೆಯೊಳಗೆ ತಾವಾಗಿಯೇ ಹೋಗಿ ನಿಲ್ಲುವುದನ್ನು ಮೊದಲೇ ರೂಢಿ ಮಾಡಿಸಿದ್ದರು, ಮಾವುತರೂ ವೈದ್ಯರೂ ಜೊತೆಗೇ ಹೋದರು ಅಂತ ಹೇಳಿದರೆ ಮತ್ತೆ ಮತ್ತೆ ಕೇಳುತ್ತಾರೆ.

ಇದೆಲ್ಲ ಸಂತೋಷದ ವಿಷಯ. ಆದರೆ ಅದೇ ಉದ್ಯಾನಕ್ಕೆ ನಮ್ಮಂಥ ಊರುಗಳ ಹೊಲದಿಂದಲೂ ಪ್ರಾಣಿಗಳು ಹೋಗುತ್ತವೆ. ಅವುಗಳ ಬಗ್ಗೆ ನಾಲ್ಕು ಮಾತು ಬರೆಯಬೇಕಾಗಿದೆ.

ನಾನು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ಬೆಳಗ್ಗೆ ಕ್ಯಾನು ಇಟ್ಟುಕೊಂಡು ಕೂತರೆ ಸುತ್ತಲಿನ ಸುದ್ದಿಯೆಲ್ಲ ಹಾಲಿನ ಜೊತೆಗೇ ಬರುತ್ತದೆ. ರಾಗಿ ಕೊಯ್ಲಿನ ಕಾಲದಲ್ಲಿ ಚಿರತೆ ಸುದ್ದಿಯೇ ಜಾಸ್ತಿ.

ಕಳೆದ ಕೊಯ್ಲಿನಲ್ಲಿ ಪಕ್ಕದೂರಿನ ಒಂದು ಹೊಲದ ಬದುವಿನಲ್ಲಿ, ಲಂಟಾನ ಪೊದೆಯೊಳಗೆ ಎರಡು ಮರಿ ಸಿಕ್ಕವು. ಆಗಷ್ಟೇ ಕಣ್ಣು ಬಿಟ್ಟ ಮರಿಗಳು. ಯಾರೋ ಎತ್ತಿಕೊಂಡು ಟೊಮೆಟೊ ಕ್ರೇಟಿಗೆ ಹಾಕಿ ಅರಳಿಕಟ್ಟೆಗೆ ತಂದರು. ಅಲ್ಲಿ ಕೈಯಿಂದ ಕೈಗೆ ಹೋದವು. ಸೆಲ್ಫಿ ಆಯಿತು, ಸ್ಟೇಟಸ್ ಆಯಿತು. ಒಬ್ಬರು ನಮ್ಮ ಡೈರಿಯಿಂದಲೇ ಹಾಲು ತಗೊಂಡು ಹೋಗಿ ಕುಡಿಸಿದರು. ಹಸುವಿನ ಹಾಲು ಆ ಮರಿಗಳಿಗೆ ಒಗ್ಗುವುದಿಲ್ಲ, ಭೇದಿ ಹಿಡಿಯುತ್ತದೆ. ಸುದ್ದಿ ತಿಳಿದು ಅರಣ್ಯ ಸಿಬ್ಬಂದಿ ಬಂದರು. ಸಿಕ್ಕಿದ ಜಾಗದಲ್ಲೇ ಮತ್ತೆ ಇಡೋಣ, ಕತ್ತಲಾದ ಮೇಲೆ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ ಅಂತ ತಾಳ್ಮೆಯಿಂದ ಹೇಳಿದರು. ಊರವರು ಕೇಳಲಿಲ್ಲ. "ನಮ್ಮ ಹೊಲದಲ್ಲಿ ಬೇಡವೇ ಬೇಡ. ಬನ್ನೇರುಘಟ್ಟಕ್ಕೆ ಕಳಿಸಿ, ಅಲ್ಲಿ ಸುಖವಾಗಿರ್ತವೆ" ಎಂದು ಪಟ್ಟು ಹಿಡಿದರು. ಕೊನೆಗೆ ಕ್ರೇಟು ಜೀಪು ಹತ್ತಿತು.

ಆಮೇಲೆ ಏನಾಯಿತು ಅಂತ ಯಾವ ಪೇಪರಿನಲ್ಲೂ ಬರಲಿಲ್ಲ. ತಾಯಿ ಚಿರತೆ ಆ ಬದು ಬಿಟ್ಟು ಹೋಗಲಿಲ್ಲ. ರಾತ್ರಿಯೆಲ್ಲ ಅಲ್ಲೇ ಸುತ್ತಿ ಕೂಗುತ್ತಿತ್ತು, ಗರಗಸದಲ್ಲಿ ಮರ ಕೊಯ್ದ ಹಾಗೆ ಸದ್ದು. ನಮ್ಮ ಕಡೆ ಪಂಪಿಗೆ ತ್ರೀ ಫೇಸ್ ಕರೆಂಟು ರಾತ್ರಿ ಹೊತ್ತು ಬರುವುದೇ ಜಾಸ್ತಿ. ಅಡಿಕೆ ಗಿಡಕ್ಕೆ ನೀರು ಬಿಡಲು ಯಾರೂ ಹೋಗಲಿಲ್ಲ. ಕೆಲವರು ಬೆಳಗಿನ ಹಾಲನ್ನೂ ತರಲಿಲ್ಲ. ಮರಿ ಕಳಿಸಿದರೆ ಕಾಟ ತಪ್ಪುತ್ತದೆ ಅಂದುಕೊಂಡಿದ್ದವರೇ ಮರಿಗಳು ಅಲ್ಲೇ ಇದ್ದಿದ್ದರೆ ತಾಯಿ ಯಾವಾಗಲೋ ಜಾಗ ಬದಲಿಸುತ್ತಿತ್ತು ಅನ್ನತೊಡಗಿದರು. ಅದು ನಿಜ. ತಾಯಿ ಚಿರತೆ ಮರಿಗಳನ್ನು ಒಂದೇ ಕಡೆ ಇಡುವುದಿಲ್ಲ. ಬಚ್ಚಿಟ್ಟು ಬೇಟೆಗೆ ಹೋಗುತ್ತದೆ, ಬಂದು ಬೇರೆ ಪೊದೆಗೋ ಬಂಡೆ ಸಂದಿಗೋ ಸಾಗಿಸುತ್ತದೆ. ಒಂಟಿಯಾಗಿ ಕಂಡ ಮರಿ ಅನಾಥ ಮರಿಯಲ್ಲ.

ಸಫಾರಿಯಲ್ಲಿ ಸುಖವಾಗಿರುತ್ತವೆ ಅನ್ನುವ ಮಾತಿಗೆ ಬರುತ್ತೇನೆ. ಬನ್ನೇರುಘಟ್ಟದಲ್ಲಿ 2024ರ ಜೂನ್‌ನಲ್ಲಿ ಚಿರತೆ ಸಫಾರಿ ಶುರುವಾಯಿತು. 20 ಹೆಕ್ಟೇರ್ ಜಾಗ, ಅಂದರೆ ಸುಮಾರು 50 ಎಕರೆ. ಚಿರತೆ ಮರ ಹತ್ತುತ್ತದೆ, ಬೇಲಿ ಹತ್ತುತ್ತದೆ. ಅದಕ್ಕೇ 4.5 ಮೀಟರ್ ಎತ್ತರದ ಜಾಲರಿ, ಅದರ ಮೇಲೆ ಒಳಗೆ ಬಾಗಿದ ಇನ್ನೊಂದೂವರೆ ಮೀಟರ್ ತಗಡು. ಮೊದಲು ಬಿಟ್ಟದ್ದು ಎಂಟು ಚಿರತೆಗಳನ್ನು. ಎಲ್ಲವೂ ಎಳೆಯದರಲ್ಲೇ ತಾಯಿಯಿಂದ ಬೇರೆಯಾಗಿ, ಜನರ ಕೈಯಲ್ಲಿ ಬೆಳೆದವು. ಅವನ್ನು ಕಾಡಿಗೆ ಬಿಡುವಂತಿಲ್ಲ. ಚಿರತೆ ಮರಿ ಸುಮಾರು ಒಂದೂವರೆ ಎರಡು ವರ್ಷ ತಾಯಿಯ ಜೊತೆ ಓಡಾಡಿ ಬೇಟೆ ಕಲಿಯುತ್ತದೆ, ಮನುಷ್ಯರಿಂದ ದೂರ ಇರುವುದನ್ನೂ ಕಲಿಯುತ್ತದೆ. ಆ ಪಾಠ ತಪ್ಪಿದ ಮರಿಗೆ ಉಳಿಯುವುದು ಬೇಲಿಯೊಳಗಿನ ಬದುಕು ಮಾತ್ರ.

ಅಲ್ಲಿ ಆರೈಕೆ ಮಾಡುವವರ ಶ್ರಮ ದೊಡ್ಡದು. ಹಾಗಿದ್ದೂ 2023ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಬೆಕ್ಕಿನ ಜಾತಿಗೆ ಬರುವ ಪ್ಯಾನ್‌ಲ್ಯುಕೋಪೀನಿಯ ಎಂಬ ವೈರಸ್ ರೋಗಕ್ಕೆ ಏಳು ಚಿರತೆ ಮರಿಗಳು ಸತ್ತವು. ಲಸಿಕೆ ಹಾಕಿದ್ದರೂ ಉಳಿಯಲಿಲ್ಲ. ಬೇರೆ ದಾರಿಯೇ ಇಲ್ಲದ ಪ್ರಾಣಿಗಳಿಗೆ ಆ ಜಾಗ ಬೇಕು. ದೇಶದ ಕೊನೆಯ ಕುಣಿಯುವ ಕರಡಿ ರಾಜು 2009ರಲ್ಲಿ ಬಂದು ಸೇರಿದ್ದು ಬನ್ನೇರುಘಟ್ಟದ ಕರಡಿ ಕೇಂದ್ರಕ್ಕೇ. ಅಂಥ ಪ್ರಾಣಿಗೆ ಅದು ಆಸರೆ. ತಾಯಿ ಪಕ್ಕದ ಗುಡ್ಡದಲ್ಲೇ ಇರುವ ಮರಿಯನ್ನು ನಾವು ಸುಮ್ನೆ ಅಲ್ಲಿಗೆ ತುಂಬುವುದು ಯಾಕೆ?

ನಮ್ಮ ಜನರ ಭಯ ಸುಳ್ಳು ಅಂತ ನಾನು ಹೇಳುತ್ತಿಲ್ಲ. 2019ರ ಕೊನೆಯಿಂದ 2020ರ ಆರಂಭದವರೆಗೆ ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆ ಚಿರತೆ ದಾಳಿಗೆ ಜನ ಸತ್ತರು, ಚಿಕ್ಕ ಮಕ್ಕಳೂ ಸತ್ತರು. ಆ ತಾಯಂದಿರ ಸಂಕಟದ ಮುಂದೆ ಯಾರೂ ಪಾಠ ಹೇಳಬಾರದು. ಜನರ ಮೇಲೆ ಬೀಳುವ ಚಿರತೆಯನ್ನು ಹಿಡಿಯಲೇಬೇಕು. ಆದರೆ ಕಂಡ ಚಿರತೆಗೆಲ್ಲ ಬೋನು ಇಡಿಸಿ ಅಂದರೆ? 2022ರ ಅಂದಾಜಿನ ಪ್ರಕಾರ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಯಾವ ಸಫಾರಿಯಲ್ಲಿ ಇಷ್ಟಕ್ಕೆ ಜಾಗ ಇದೆ? ಹಿಡಿದು ದೂರದ ಕಾಡಿಗೆ ಬಿಡುವುದನ್ನೂ ಮಹಾರಾಷ್ಟ್ರದ ಜುನ್ನರ್ ಕಡೆ ಮಾಡಿ ನೋಡಿದ್ದಾರೆ. ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರ ಫಲ ಇದೆ. ಜನರ ಮೇಲಿನ ದಾಳಿ ಮೊದಲು ವರ್ಷಕ್ಕೆ ಸರಾಸರಿ 4 ಇತ್ತು, ಹಿಡಿದು ಬಿಡುವುದು ಶುರುವಾದ ಮೇಲೆ 17ಕ್ಕೆ ಏರಿತು. ಅದೇ ಜುನ್ನರ್‌ನಲ್ಲಿ ಈಗ ಕಬ್ಬಿನ ಗದ್ದೆಯಲ್ಲಿ ಮರಿ ಸಿಕ್ಕರೆ, ಆರೋಗ್ಯ ನೋಡಿ, ಅದೇ ಗದ್ದೆಯಲ್ಲಿ ಪೆಟ್ಟಿಗೆಯಲ್ಲಿಟ್ಟು ದೂರದಿಂದ ಕಾಯುತ್ತಾರೆ. ತಾಯಿ ಬರುತ್ತದೆ, ಕ್ಯಾಮೆರಾದಲ್ಲಿ ಕಾಣುತ್ತದೆ. ರೈತರೂ ಒಂದು ರಾತ್ರಿ ಕೆಲಸ ನಿಲ್ಲಿಸಿ ಜೊತೆ ಕೊಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದು ಯಾಕೆ ಆಗಬಾರದು? ಕೊಯ್ಲಿಗೆ ಮುಂಚೆ ಗ್ರಾಮ ಪಂಚಾಯಿತಿಯವರು ಒಂದು ಸಲ ಟಾಂ ಟಾಂ ಹೊಡೆಸಲಿ. ಕಟಾವು ಯಂತ್ರದವರಿಗೆ ಅರಣ್ಯ ಇಲಾಖೆ ತಿಳಿಸಿ ಹೇಳಲಿ. ಡೈರಿಗಳಲ್ಲಿ ಚೀಟಿ ಅಂಟಿಸಲು ನಾವು ತಯಾರಿದ್ದೇವೆ. ಮರಿ ಕಂಡರೆ ಮುಟ್ಟಬೇಡಿ, ಕೆಲಸ ನಿಲ್ಲಿಸಿ ದೂರ ಬನ್ನಿ, ಕರೆ ಮಾಡಿ, ಇಷ್ಟು ಬರೆದರೆ ಸಾಕು. ಸತ್ತ ಕೋಳಿ, ಕರು ಊರಾಚೆ ಬಿಸಾಡುವುದನ್ನೂ ನಿಲ್ಲಿಸಬೇಕು. ಆ ವಾಸನೆಗೆ ಬೀದಿ ನಾಯಿ ಸೇರುತ್ತವೆ, ನಾಯಿ ಹಿಂದೆ ಚಿರತೆ ಬರುತ್ತದೆ.

ಪತ್ರಿಕೆಗಳವರಿಗೂ ಒಂದು ಕೋರಿಕೆ. ಚಿರತೆ ಮರಿಯನ್ನು ಎದೆಗಪ್ಪಿಕೊಂಡು ನಗುವವರ ಫೋಟೊ ದಯವಿಟ್ಟು ಹಾಕಬೇಡಿ. ನೋಡಿದವರಿಗೆ ತಾವೂ ಎತ್ತಿಕೊಳ್ಳಬೇಕು ಅನ್ನಿಸುತ್ತದೆ, ಅಲ್ವಾ? 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮರಿಯನ್ನು ಹಿಡಿಯುವುದೇ ಅಪರಾಧ ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ಆ ಫೋಟೊದ ಜಾಗದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926 ಅನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ರಾಗಿ ಕೊಯ್ಲು ಮುಗಿಯುವವರೆಗೆ ನಮ್ಮ ಜಿಲ್ಲೆಯ ಪುಟದಲ್ಲಿ ದಿನವೂ ಹಾಕಿದರೆ ಇನ್ನೂ ಒಳ್ಳೆಯದು.

- ಹಾಲು ಸಂಘದ ಕಾರ್ಯದರ್ಶಿ,
ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ